ಎಡಕ್ಕೆ ಎಳೆದ ಬಾರು

ಈ ಬರಹದಲ್ಲಿ ಆಕೆಯ ಹೆಸರು ಬರುವುದಿಲ್ಲ. ಮರೆತಿದ್ದೇನೆ ಎಂದಲ್ಲ. ಎಲ್ಲಿಯೂ ಬರೆಯಬೇಡಿ ಎಂದು ಆಕೆಯೇ ಹೇಳಿದ್ದಳು. ಆಕೆ ಹೇಳಿದ ಮಾತುಗಳಲ್ಲಿ ನಾನು ನಡೆಸಿಕೊಟ್ಟದ್ದು ಬಹಳ ಕಡಿಮೆ, ಇದೊಂದನ್ನಾದರೂ ನಡೆಸುತ್ತೇನೆ. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ನಮ್ಮ ಕಡೆ ಅಜ್ಜಿಗೆ ಹಾಗೆನ್ನುವುದು ರೂಢಿ. ಇಂಡಿ ಊರಿನ ಬಜಾರದ ಹಿಂದಿನ ಒಂದು ಓಣಿಯಲ್ಲಿ ಹಲಗೆ, ಡೊಳ್ಳು, ನಗಾರಿಗಳಿಗೆ ತೊಗಲು ಕಟ್ಟುತ್ತಿದ್ದ ಎಂಬತ್ತರ ಆಸುಪಾಸಿನ ಮುದುಕಿ. ಹಳೆಯ ವಾದ್ಯವೊಂದನ್ನು ಕೈಗೆ ಕೊಟ್ಟರೆ ಅದನ್ನು ಕಟ್ಟಿದವರು ಯಾರು, ಯಾವ ಕಡೆಯವರು, ಕಟ್ಟುವಾಗ ಅವರಿಗೆ ಅವಸರವಿತ್ತೋ ಇಲ್ಲವೋ ಎಲ್ಲವನ್ನೂ ಹೇಳುತ್ತಿದ್ದಳು. ನಮ್ಮ ಸೀಮೆಯಲ್ಲಿ ಅಷ್ಟು ಬಲ್ಲವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಈಗ ಆಕೆಯೂ ಇಲ್ಲ.

ಆಕೆ ತೀರಿಕೊಂಡದ್ದು ನನಗೆ ತಿಳಿದ ವಾರವೇ ಅಂಚೆಯಲ್ಲಿ ಒಂದು ಆಮಂತ್ರಣ ಬಂತು. ಯಾವುದೋ ವಿಚಾರ ಸಂಕಿರಣ. ನಮ್ಮ ವಾದ್ಯಗಳ ಅಜ್ಞಾತ ಕುಶಲಕರ್ಮಿಗಳ ಬಗ್ಗೆ ನಾನು ಇಪ್ಪತ್ತು ನಿಮಿಷ ಮಾತಾಡಬೇಕಂತೆ. ಅಜ್ಞಾತವಂತೆ. ಮೈಯೆಲ್ಲ ಉರಿದು ಕಾಗದವನ್ನು ಹರಿದು ಒಲೆಗೆ ಹಾಕಿದೆ. ಹೆಂಡತಿ, "ಕಾಗದದ ಮ್ಯಾಲ ಯಾಕ ಸಿಟ್ಟು?" ಎಂದಳು. ಅವಳ ಮೇಲೂ ರೇಗಿದೆ. ಈ ಸಿಟ್ಟು ಯಾರ ಮೇಲಿನದು ಎಂಬುದು ನನಗೆ ಚೆನ್ನಾಗಿ ಗೊತ್ತು, ಅದಕ್ಕೇ ಅದು ಇಳಿಯುತ್ತಿಲ್ಲ.

ನಾನು ಸಿಂದಗಿಯಲ್ಲಿ ಇತಿಹಾಸ ಕಲಿಸುವವನು. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಹಳೆಯ ವಸ್ತುಗಳಿಗೆಂದು ಒಂದು ಕೋಣೆ ಮಾಡಲು ಹೊರಟರು. ಊರೂರಿನಿಂದ ಕೂರಿಗೆ, ಸೇರು, ಬೀಸುವ ಕಲ್ಲು, ಕಂಚಿನ ಬೀಗ, ಎತ್ತಿನ ಕೊರಳ ಗಂಟೆ ಎಲ್ಲ ಬಂದವು. ಅದಕ್ಕೊಂದು ಸಮಿತಿ, ಸಮಿತಿಗೊಬ್ಬರು ಅಧ್ಯಕ್ಷರು. ಅಧ್ಯಕ್ಷರದು ಬಸವನ ಬಾಗೇವಾಡಿ ಕಡೆಯ ದೊಡ್ಡ ವಾಡೆ, ಕೋಟೆಯಂಥ ಮನೆ. ತಮ್ಮ ವಾಡೆಯ ಹೆಬ್ಬಾಗಿಲ ಮೇಲೆ ಅಜ್ಜನ ಕಾಲದಿಂದ ಇದ್ದ ತಾಮ್ರದ ನಗಾರಿಯನ್ನು ಅವರು ಕೋಣೆಗೆ ಕೊಟ್ಟರು. ಇಬ್ಬರು ಸೇರಿ ಎತ್ತಬೇಕು, ಅಷ್ಟು ದೊಡ್ಡದು. ಬಾಯಿಗೆ ಎಮ್ಮೆಯ ತೊಗಲು, ಆ ತೊಗಲನ್ನು ತಳದ ಕಬ್ಬಿಣದ ಬಳೆಗೆ ಬಿಗಿದು ಸುತ್ತಲೂ ಹೆಣೆದ ಚರ್ಮದ ಬಾರುಗಳು. ಒಂದೊಂದು ವಸ್ತುವಿನ ಮುಂದೆ ಒಂದು ಚೀಟಿ ಬರೆದಿಡುವುದು ನನ್ನ ಪಾಲಿನ ಕೆಲಸ: ಏನು, ಎಲ್ಲಿಯದು, ಯಾರು ಮಾಡಿದ್ದು. ನಗಾರಿಯ ಬಗ್ಗೆ ಕೇಳಿದರೆ ಅಧ್ಯಕ್ಷರು, "ನಮ್ಮ ಮುತ್ಯಾ ಮಿರಜದಿಂದ ತರಿಸಿದ್ದು, ಬರ್ಕೋರಿ" ಎಂದರು. ಅದಕ್ಕೆ ಆಧಾರವೇನಾದರೂ ಇದೆಯೇ ಎಂದೆ. "ನಾ ಹೇಳಾಕತ್ತೇನಲ್ರಿ" ಎಂದರು.

ಆ ಮಾತು ನನಗೆ ಸಾಲಲಿಲ್ಲ. ಆಗ ನನ್ನಲ್ಲಿ ಇನ್ನೂ ಸ್ವಲ್ಪ ಇತಿಹಾಸದ ಮಾಸ್ತರ ಉಳಿದಿದ್ದ. ಡೊಳ್ಳಿನ ಮೇಳದವರೊಬ್ಬರು, ಇಂಡಿಯಲ್ಲಿ ಹೀಗೊಬ್ಬ ಮುದುಕಿ ಇದ್ದಾಳೆ, ಆಕೆಗೆ ತೋರಿಸಿ ಎಂದರು. ಪರೀಕ್ಷೆಗೆಂದು ನಮ್ಮ ಕೋಣೆಯ ಒಂದು ಹಳೆಯ ಹಲಗೆಯನ್ನು ಚೀಲದಲ್ಲಿ ಹಾಕಿಕೊಂಡು, ನಗಾರಿಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಸ್ಸು ಹತ್ತಿದೆ.

ಆಯಿ ಅಂಗಳದಲ್ಲಿ ಕೂತು ಬಾರು ಸೀಳುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ಒಂದು ತುದಿ ಸಿಕ್ಕಿಸಿ, ಹಲ್ಲಿನಲ್ಲಿ ಇನ್ನೊಂದು ತುದಿ ಕಚ್ಚಿ, ನಡುವೆ ರಾಂಪಿಗೆಯಿಂದ, ಎಂದರೆ ಚರ್ಮ ಸೀಳುವ ಅಗಲ ಬಾಯಿಯ ಉಳಿಯಿಂದ, ಒಂದೇ ಅಗಲದ ಪಟ್ಟಿ ಇಳಿಸುತ್ತಿದ್ದಳು. ನಾನು ಹೋಗಿ ನಿಂತು, ನಮ್ಮ ಮನೆತನದ ರೂಢಿಯಂತೆ, "ಏನ ಆಯಿ, ಆರಾಮ ಅದೀಯೇನ?" ಎಂದೆ. ಆಕೆ ಬಾಯಿಂದ ಬಾರು ಬಿಟ್ಟು, "ಆರಾಮ ಅದೇನಿ. ನೀ ಯಾರೋ?" ಎಂದಳು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮುಂದಿನ ಮಾತಿಗೆ ನಾನು, "ಸಿಂದಗಿಯಿಂದ ಬಂದೇನ್ರಿ" ಎಂದೆ. "ಬರ್ರಿ, ಕೂಡ್ರಿ" ಎಂದಳು. ನಾನು ಬಹುವಚನಕ್ಕೆ ಬಂದಾಗ ಆಕೆಯೂ ಬಹುವಚನಕ್ಕೆ ಬಂದಳು. ಬರೆಯುವಾಗ ಈಗ ಏಕವಚನ ಬರುತ್ತಿರುವುದು ಸಲಿಗೆಯಿಂದ, ಆ ಮೊದಲ ದಿನದ ಏಕವಚನ ಬೇರೆಯದು.

ಹಲಗೆ ತೆಗೆದು ಕೊಟ್ಟೆ. ಮೂಗಿಗೆ ಹಿಡಿದು ವಾಸನೆ ನೋಡಿದಳು. ಅಂಚಿನ ಸುತ್ತ ಹೆಬ್ಬೆರಳ ಉಗುರು ಆಡಿಸಿದಳು. ಒಂದು ಕಡೆ ಉಗುರು ನಿಂತಿತು. "ಮುದ್ದೇಬಿಹಾಳ ಕಡೀಯಾವ ಇಂವ. ಕೆಲಸ ಬರ್ತಿತ್ತು, ಆದ್ರ ಉಣ್ಣಾಕ ಅವಸರ ಭಾಳ. ನೋಡ್ರಿ ಇಲ್ಲಿ, ಕಡೀಕ ಬಂದು ಒಂದು ತೂತು ನುಂಗ್ಯಾನ" ಎಂದಳು. ಎಣಿಸಿ ನೋಡಿದೆ. ಎಲ್ಲ ಕಡೆ ಒಂದೇ ಅಂತರದಲ್ಲಿದ್ದ ತೂತುಗಳು ಅಲ್ಲೊಂದು ಕಡೆ ದೂರವಾಗಿದ್ದವು. ಸತ್ತು ಎಷ್ಟು ವರ್ಷವಾಗಿತ್ತೋ ಆ ಮನುಷ್ಯ, ಅವನನ್ನು ಎದುರಿಗೆ ಕೂರಿಸಿಕೊಂಡವಳಂತೆ ಐದು ನಿಮಿಷ ಬೈದಳು. ಬೈಗುಳದ ಕೊನೆಗೆ, "ಹದ ಮಾತ್ರ ಛಲೋ ಮಾಡ್ಯಾನ ಮೂಳ" ಎಂದು ಹಲಗೆಯನ್ನು ತೊಡೆಯ ಮೇಲೆ ಒರಸಿ ಕೊಟ್ಟಳು.

ಆಕೆಯ ಎಲ್ಲ ಹೊಗಳಿಕೆಯೂ ಬೈಗುಳದ ಕೊನೆಗೇ ಬರುತ್ತಿತ್ತು. ಹೊಗಳಿಸಿಕೊಳ್ಳುವುದಂತೂ ಆಕೆಗೆ ಆಗದು. ಮುದ್ದೇಬಿಹಾಳದಲ್ಲಿ ಒಮ್ಮೆ ಯಾರೋ ಸನ್ಮಾನ ಮಾಡಿ ಶಾಲು ಹೊದಿಸಿ, ಫೋಟೋಕ್ಕೆಂದು ಕೈಗೆ ಹಲಗೆ ಕೊಟ್ಟು ಬಾರಿಸಲು ಹೇಳಿದರಂತೆ. "ನಾ ಬಡಿಯಾಕಿ ಅಲ್ರಿ, ಕಟ್ಟಾಕಿ. ನಿಮಗ ಬಡಿಯಾಕಿ ಬೇಕಂದ್ರ ಬ್ಯಾರೆ ಯಾರನರ ಕರೀರಿ" ಎಂದು ಶಾಲನ್ನು ಕುರ್ಚಿಯ ಮೇಲಿಟ್ಟು ಬಂದುಬಿಟ್ಟಳಂತೆ. ಶಾಲು ಬಿಟ್ಟು ಬಂದದ್ದಕ್ಕೆ ಸೊಸೆ ಇವತ್ತಿಗೂ ಹಲಬುತ್ತಾಳೆ ಎಂದು ನಗುತ್ತಿದ್ದಳು.

ಮೊದಲ ದಿನ ಎರಡು ತಾಸು ಕೂತರೂ ಆಕೆ ನನಗೆ ನೀರು ಬೇಕೇ ಎಂದು ಕೇಳಲಿಲ್ಲ. ಬಿಸಿಲು ಜೋರಿತ್ತು, ಗಂಟಲು ಒಣಗಿತ್ತು. ಕೊನೆಗೆ ನಾನೇ, "ಆಯಿ, ಬಂದವರಿಗೆ ನೀರು ಕೇಳೂದಿಲ್ಲೇನ್ರಿ?" ಎಂದೆ. ಆಕೆ ತಲೆ ಎತ್ತದೆ, "ಗಡಗಿ ಅಲ್ಲೈತಿ, ತಂಬಗಿ ಅದರ ಮ್ಯಾಲೈತಿ. ನೀರಡಿಕಿ ಆದವ್ರು ತಗೊಂಡು ಕುಡೀತಾರ. ಕೇಳಿ ಬ್ಯಾಡ ಅನಿಸ್ಕೊಳ್ಳೂದು ನನಗ ಸಾಕಾಗೇತಿ" ಎಂದಳು. ಎದ್ದು ಹೋಗಿ ಕುಡಿದೆ. ಕುಡಿದದ್ದನ್ನು ಆಕೆ ನೋಡಲೂ ಇಲ್ಲ. ನೋಡಲಿ ಎಂದು ನನಗೆ ಆಸೆಯಿತ್ತು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಮೇಲೆ ನಗಾರಿಯ ಫೋಟೋ ತೋರಿಸಿದೆ. "ಫೋಟೋದಾಗ ವಾಸನಿ ಬರತೈತೇನ್ರಿ?" ಎಂದು ಮೊಬೈಲನ್ನು ಪಕ್ಕಕ್ಕೆ ಸರಿಸಿದಳು. ನಾನು ಬೆರಳಿನಿಂದ ಚಿತ್ರ ಹಿಗ್ಗಿಸಿ ಬಾರುಗಳನ್ನು ದೊಡ್ಡದು ಮಾಡಿ ಮತ್ತೆ ಹಿಡಿದೆ. ನೋಡಿದಳು. ಬಾಯಿ ಬಿಟ್ಟರೆ ಬೈಯುವ ಹೆಂಗಸು ಈ ಸಲ ಬೈಯಲಿಲ್ಲ. ಮೊಬೈಲನ್ನು ತನ್ನ ಕೈಗೆ ತೆಗೆದುಕೊಂಡು, "ಇದು ಎಲ್ಲೈತಿ?" ಎಂದಳು. ಹೇಳಿದೆ. "ಮುಂದಿನ ವಾರ ನಾ ಬರ್ತೇನಿ. ಬರೂತನಕ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ." ಯಾಕೆ ಎಂದು ಕೇಳಿದೆ. "ಕಣ್ಣಿಲೆ ನೋಡದ ಹೇಳೂದಿಲ್ಲ" ಎಂದಳು.

ಇಷ್ಟೇ ಆಕೆ ಕೇಳಿದ್ದು. ಒಂದು ವಾರ ಕೈ ಹಚ್ಚಬೇಡಿ. ಇದಕ್ಕಿಂತ ಸಣ್ಣ ಕೋರಿಕೆ ಇನ್ನೇನಿರಲು ಸಾಧ್ಯ?

ಮೂರು ದಿನಕ್ಕೆ ಅಧ್ಯಕ್ಷರ ಫೋನು ಬಂತು. "ಉದ್ಘಾಟನೆಗೆ ದೊಡ್ಡ ಮಂದಿ ಬರಾಕತ್ತಾರ್ರಿ. ನಗಾರಿ ಬಾರು ಅಲ್ಲಲ್ಲಿ ಬಿರದಾವ, ಕಪ್ಪಾಗ್ಯಾವ. ಅದನ್ನಷ್ಟು ನೀಟ್ ಮಾಡಿಸಿಬಿಡ್ರಿ ಸರ್." ಒಂದು ವಾರ ತಡೆಯಿರಿ ಎನ್ನಬಹುದಿತ್ತು. ಎನ್ನಲಿಲ್ಲ. ಬ್ಯಾಂಡಿನವರ ವಾದ್ಯ ರಿಪೇರಿ ಮಾಡುವ ಒಬ್ಬನನ್ನು ಕರೆಸಿದೆ. ಅವನು ನಗಾರಿಯ ಸುತ್ತ ಒಂದು ಸುತ್ತು ಬಂದು ನಕ್ಕ. ಬಾರು ತೊಗಲಿನ ಅಂಚಿನ ತೂತಿನಿಂದ ಕೆಳಗಿಳಿದು, ತಳದ ಬಳೆಯನ್ನು ಸುತ್ತಿ, ಮುಂದಿನ ತೂತಿಗೆ ಏರಬೇಕು. ಎಲ್ಲರೂ ಹೀಗೆ ಬಲಗಡೆಗೆ ಸಾಗುತ್ತಾರೆ. ಈ ನಗಾರಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಎಡಗಡೆಗೆ ಸಾಗಿತ್ತು. "ಯಾವನೋ ಹೊಸಬ ಕಟ್ಟ್ಯಾನ್ರಿ ಸರ್, ಉಲ್ಟಾ ಎಳದಾನ" ಎಂದ. ನನಗೂ ಹಾಗೇ ಅನ್ನಿಸಿತು. ಓದಿದವನು ನಾನು, ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. ಮೊದಲ ಬಾರನ್ನು ನಾನೇ ಕೊಯ್ದೆ. ಗಟ್ಟಿಯಾಗಿತ್ತು, ಚಾಕು ಜಾರಿ ತಾಮ್ರಕ್ಕೆ ಗೀರು ಬಿತ್ತು. ಉಳಿದವನ್ನು ಅವನು ಕೊಯ್ದ. ಬಿಳಿಯ ನೈಲಾನ್ ಹಗ್ಗವನ್ನು ಬಲಗಡೆಗೆ, ಸರಿಯಾಗಿ, ಬಿಗಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ತಾಮ್ರ ಹೊಳೆಯಿತು. ಹಳೆಯ ಬಾರುಗಳನ್ನು ಜವಾನ ಅಂಗಳದ ಕಸದ ಜೊತೆ ಸುಟ್ಟ. ಆ ಸುಟ್ಟ ವಾಸನೆ ಕ್ಲಾಸಿನವರೆಗೆ ಬಂದಿತ್ತು, ನಾನು ಕಿಟಕಿ ಹಾಕಿಸಿ ಪಾಠ ಮುಂದುವರಿಸಿದೆ. ದಾಖಲೆ ಪುಸ್ತಕದಲ್ಲಿ, ಬಾರುಗಳು ಜೀರ್ಣವಾಗಿ ತಾವಾಗಿಯೇ ಹರಿದದ್ದರಿಂದ ಬದಲಿಸಲಾಗಿದೆ ಎಂದು ಬರೆದು ಸಹಿ ಮಾಡಿದೆ. ಹಳೆಯ ವಸ್ತುಗಳನ್ನು ಸಮಿತಿಯನ್ನು ಕೇಳದೆ ಬದಲಿಸಬಾರದು ಎಂಬ ನಿಯಮವಿತ್ತು. ಅದನ್ನು ಬರೆದವನೂ ನಾನೇ.

ಆಯಿ ಹೇಳಿದ ದಿನವೇ ಬಂದಳು. ಬಸ್ಸಿನಲ್ಲಿ ಒಬ್ಬಳೇ ಬಂದು, ಕಾಲೇಜಿನ ಗೇಟಿನಲ್ಲಿ ವಿಚಾರಿಸಿಕೊಂಡು, ಕೋಣೆಯ ಬಾಗಿಲಿಗೆ ಬಂದು ನಿಂತಳು. ನಗಾರಿ ನೋಡಿದಳು. ನೋಡಿ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. ನೈಲಾನ್ ಹಗ್ಗದ ಮೇಲೆ ಒಂದು ಬೆರಳಿಟ್ಟು, "ಬಾರು ಎಲ್ರಿ?" ಎಂದಳು.

"ಹಳೇದಾಗಿತ್ತಲ್ರಿ ಆಯಿ, ತಾನ ಹರದು ಬಿತ್ತು."

ಆಕೆ ತಾಮ್ರದ ಮೇಲಿನ ಗೀರನ್ನು ಮುಟ್ಟಿದಳು. "ಹರಿಯೂದು ಬ್ಯಾರೆ, ಕೊಯ್ಯೂದು ಬ್ಯಾರೆ, ಮಾಸ್ತರ." ಅಷ್ಟೇ ಹೇಳಿದಳು.

ಆಮೇಲೆ ಆಕೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಆ ನಗಾರಿಗೆ ತೊಗಲು ಕಟ್ಟಿದವಳು ಆಯಿಯ ಅತ್ತೆ, ಚಂದವ್ವ. ಚಂದವ್ವ ಎಡಚಿ. ಉಣ್ಣುವುದಕ್ಕೆ ಬಲಗೈ ಬಳಸಲೆಂದು ಚಿಕ್ಕಂದಿನಲ್ಲಿ ಎಡಗೈಯನ್ನು ಸೆರಗಿಗೆ ಕಟ್ಟಿಡುತ್ತಿದ್ದರಂತೆ. ಊಟ ಬಲಕ್ಕೆ ಬಂತು, ಕೆಲಸ ಬರಲಿಲ್ಲ. ರಾಂಪಿಗೆ ಹಿಡಿದರೆ ಎಡಗೈ, ಬಾರು ಎಳೆದರೆ ಎಡಕ್ಕೆ. ಗಂಡನಿಗೆ ಕಸುಬು ಅಷ್ಟಕ್ಕಷ್ಟೇ. ಮನೆಯಲ್ಲಿ ಕಟ್ಟುವವಳು ಆಕೆ, ಹೊತ್ತು ಒಯ್ದು ಕೊಡುವವನು ಆತ. ಹೆಂಗಸು ಕಟ್ಟಿದ್ದೆಂದು ಗೊತ್ತಾದರೆ ವಾಡೆಯವರು ನಗಾರಿಯನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಆದ್ದರಿಂದ ಎಲ್ಲವೂ ಗಂಡನ ಹೆಸರಿನಲ್ಲೇ ಹೋಯಿತು. ವಾಡೆಯ ನಗಾರಿ ಒಯ್ದು ಕೊಟ್ಟ ದಿನ ಆತನಿಗೆ ಅಲ್ಲಿ ಧೋತರ ಉಡಿಸಿ ಕಳಿಸಿದರು. ಬಸುರಿ ಚಂದವ್ವ ಮನೆಯಲ್ಲಿ ಅಂಗೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು.

"ನಾ ಲಗ್ನಾಗಿ ಬಂದ ಮ್ಯಾಲೂ ವಾಡೇದ ನಗಾರಿ ಕೇಳಿಸ್ತಿತ್ರಿ" ಎಂದಳು ಆಯಿ. "ಮಳಿಗಾಲದಾಗ ತೊಗಲು ಜೋಲ ಬಿದ್ದು ಧ್ವನಿ ಇಳೀತಿತ್ತು. ನಮ್ಮತ್ತಿ ರೊಟ್ಟಿ ಬಡಿಯೂದು ಬಿಟ್ಟು, 'ಬಡಗಣ ಬಾಜೂಕ ಬಾರು ಸಡ್ಲಾಗೇತಿ' ಅಂತಿದ್ಲು. ಯಾವ ಬಾರು ಅಂತನೂ ಗೊತ್ತು ಆಕೀಗೆ. ಒಳಗ ಹೋಗಿ ಒಂದು ಸಲ ಎಳದು ಬರಾಕ ಆಗಲಿಲ್ಲ, ಸಾಯೂತನಕ."

ಆಯಿ ಅತ್ತೆಯಿಂದ ಕಸುಬು ಕಲಿತದ್ದು ಎದುರುಬದುರು ಕೂತು. ಅತ್ತೆ ಎಡಚಿ, ಸೊಸೆ ಬಲಚಿ. ಪಕ್ಕದಲ್ಲಿ ಕೂತರೆ ಕೈ ಹೊಂದದು, ಎದುರು ಕೂತರೆ ಕನ್ನಡಿ ನೋಡಿಕೊಂಡ ಹಾಗೆ ಇಬ್ಬರ ಕೈಯೂ ಒಂದೇ ಕಡೆ ಆಡುತ್ತವೆ. ಹಾಗೆ ಮುಖ ನೋಡುತ್ತ ವರ್ಷಗಟ್ಟಲೆ ಕೂತವರು ಅವರು. ಆಯಿ ಯಾವಾಗಲೂ ಬಲಕ್ಕೇ ಕಟ್ಟಿದಳು. ಚಂದವ್ವ ಕಟ್ಟಿದ ಹಲಗೆ, ಡೊಳ್ಳುಗಳು ಸುತ್ತಲ ಊರುಗಳಲ್ಲಿ ಬಹಳ ಇದ್ದವು. ಒಂದೊಂದೇ ರಿಪೇರಿಗೆ ಹೋದ ಹಾಗೆ, ಬಿಚ್ಚಿದವರೆಲ್ಲ ಉಲ್ಟಾ ಇದೆ ಎಂದು ತಿದ್ದಿ ಬಲಕ್ಕೆ ಕಟ್ಟಿದರು. ವಾಡೆಯ ಕೆಳಗೆ ತಗ್ಗಿನಲ್ಲಿದ್ದ ಅವರ ಕೇರಿ ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು, ಅಲ್ಲಿನ ಜನ ದಿಕ್ಕುಪಾಲಾದರು, ಆಯಿ ಇಂಡಿಗೆ ಬಂದಳು. ಹೆಬ್ಬಾಗಿಲ ಮೇಲಿದ್ದ ಕಾರಣಕ್ಕೆ ಯಾರ ಕೈಗೂ ಸಿಗದೆ ಉಳಿದದ್ದು ಈ ನಗಾರಿ ಒಂದೇ. ಚಂದವ್ವ ಎಂಬುವಳು ಈ ಭೂಮಿಯ ಮೇಲೆ ದುಡಿದಿದ್ದಳು ಎಂಬುದಕ್ಕೆ ಉಳಿದಿದ್ದ ಕೊನೆಯ ಗುರುತು. ಅದನ್ನು ನಾನು ಕೊಯ್ದು ಕಸದಲ್ಲಿ ಸುಡಿಸಿದ್ದೆ.

ಮಿರಜದಿಂದ ತರಿಸಿದ್ದೆಂಬ ಅಧ್ಯಕ್ಷರ ಮಾತು ಹೇಳಿದಾಗ ಆಯಿ, "ತಾಮ್ರ ಅಲ್ಲೀದಿರಬಹುದು. ತೊಗಲಿಲ್ಲದ ನಗಾರಿ ಅಂದ್ರ ನೀರು ಕಾಸೋ ಹಂಡೆ. ಅದು ನಗಾರಿ ಆಗಿದ್ದು ನಮ್ಮ ಅಂಗಳದಾಗ" ಎಂದಳು. ಕೋಣೆಯ ಉಳಿದ ಚೀಟಿಗಳನ್ನು ಓದಿ ಹೇಳಲು ಕೇಳಿದಳು. ಓದಿದೆ. ಕೂರಿಗೆ, ತಯಾರಿಸಿದವರು ತಿಳಿದಿಲ್ಲ. ಬೀಗ, ತಯಾರಿಸಿದವರು ತಿಳಿದಿಲ್ಲ. ಗಂಟೆ, ತಿಳಿದಿಲ್ಲ. ಆಯಿ ನಡುವೆಯೇ ತಡೆದು, "ಯಾರಿಗೆ ತಿಳಿದಿಲ್ಲ?" ಎಂದಳು. ನಗಾರಿಯ ಕಡೆ ಕೈ ತೋರಿಸಿದಳು. "ಇದರ ಮುಂದ ನಮ್ಮತ್ತಿ ಹೆಸರು ಬರೀರಿ ಮಾಸ್ತರ. ನಂದು ಎಲ್ಲೂ ಬ್ಯಾಡ. ನಾ ಬದುಕೇನಿ, ಬೈಯಾಕರ ನನ್ನ ಬಾಯಿ ಐತಿ. ಆಕೀಗೆ ಏನೂ ಇಲ್ಲ."

ಬರೆಸುತ್ತೇನೆ ಎಂದು ಮಾತು ಕೊಟ್ಟೆ. ಸಮಿತಿಯ ಸಭೆಗೆ ಆಕೆಯನ್ನು ಕರೆಸಿದೆ. ನಾವು ಐದು ಜನ. ಆಯಿ ಬಂದವಳೇ ಖಾಲಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ನಗಾರಿ ತರಿಸಿ, ಹಗ್ಗ ಸರಿಸಿ, ತೊಗಲಿನ ಅಂಚಿನ ತೂತುಗಳನ್ನು ತೋರಿಸಿದಳು. ಪ್ರತಿ ತೂತೂ ಎಡಕ್ಕೆ ಜಗ್ಗಿ ಉದ್ದವಾಗಿತ್ತು. "ಎಡಕ್ಕ ಎಳದ್ರನ ತೂತು ಹಿಂಗ ಆಗೂದು" ಎಂದಳು. ಅಧ್ಯಕ್ಷರು ಒರಟಾಗಿ ಮಾತಾಡುವವರಲ್ಲ. ನಯವಾಗಿಯೇ, "ಹಳೇ ತೊಗಲು ಆಯಿ, ಹೆಂಗರ ಜಗ್ಗತೈತಿ" ಎಂದರು. ನಾನು ಮೊಬೈಲಿನ ಫೋಟೋ ತೋರಿಸಿದೆ. "ಮೊಬೈಲದಾಗ ಫೋಟೋ ಎಡಾಬಲಾ ಆಗೂದು ಮಾಮೂಲಿ ಐತ್ರಿ" ಎಂದರು ಇನ್ನೊಬ್ಬರು. ಆಮೇಲೆ ಅಧ್ಯಕ್ಷರು ಕನ್ನಡಕ ತೆಗೆದು ಒರಸುತ್ತ, ನಿಜವಾದ ಮಾತು ಹೇಳಿದರು: "ನಮ್ಮ ವಾಡೇದ ನಗಾರಿ ಹೆಂಗಸು ಕಟ್ಟಿದ್ದು ಅಂತ ಬೋರ್ಡ್ ಹಾಕೂಣೇನ್ರಿ? ನಾಲ್ಕು ಮಂದಿ ಏನಂತಾರ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಸರ್, ಹಳೇ ಬಾರು ಇದ್ದಾಗ ನೀವ ಕಣ್ಣಾರೆ ನೋಡೀರಿ. ಬಾರು ಎಡಕ್ಕಿತ್ತೋ ಬಲಕ್ಕಿತ್ತೋ? ನೀವು ಹೇಳಿದ್ರ ನಾವು ಒಪ್ಪತೇವಿ."

ಒಂದು ಮಾತು ಸಾಕಿತ್ತು. ಎಡಕ್ಕಿತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಆ ಬಾರು ಈಗೆಲ್ಲಿ, ತೆಗೆದವರು ಯಾರು? ದಾಖಲೆ ಪುಸ್ತಕ ಮೇಜಿನ ಮೇಲೇ ಇತ್ತು, ಅದರಲ್ಲಿ ನನ್ನ ಸುಳ್ಳು, ಕೆಳಗೆ ನನ್ನ ಸಹಿ. ನೀಟ್ ಮಾಡಿಸಿ ಎಂದವರು ಅಧ್ಯಕ್ಷರಾದರೂ ಕೊಯ್ಯಿರಿ ಎಂದು ಅವರು ಹೇಳಿರಲಿಲ್ಲ. ನಾನು ಅಂಗಿಯ ತೋಳು ಸರಿಮಾಡಿಕೊಂಡೆ. "ಸರಿಯಾಗಿ ನೆನಪಿಲ್ರಿ" ಎಂದೆ.

ಆಯಿ ನನ್ನನ್ನೇ ನೋಡಿದಳು. ಮೊದಲ ಬಾರಿಗೆ ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ಗಾಡಿ ತೆಗೆದುಕೊಂಡು ಹಿಂದೆ ಹೋದೆ. ಗೇಟಿನ ಹತ್ತಿರ ನಿಂತು, "ಕೊಯ್ದಿದ್ದು ತಪ್ಪಲ್ಲ ಮಾಸ್ತರ, ನಿಮಗ ಗೊತ್ತಿರಲಿಲ್ಲ. ನೆನಪಿಲ್ಲ ಅಂದ್ರಲ್ಲ, ಗೊತ್ತಿದ್ದೂ ಅಂದ್ರಿ" ಎಂದಳು. ದಾರಿ ಗೊತ್ತಿದೆ ಎಂದು ನಡೆದೇ ಹೋದಳು.

ಉದ್ಘಾಟನೆ ಆಯಿತು. ಹಾರ ತುರಾಯಿ, ಭಾಷಣ. ನಗಾರಿಯ ಮುಂದೆ ನಾನೇ ಚೀಟಿ ಬರೆದಿಟ್ಟೆ: ಮಿರಜದಿಂದ ತರಿಸಿದ್ದು, ತಯಾರಿಸಿದವರು ತಿಳಿದಿಲ್ಲ. ಅಕ್ಷರ ದುಂಡಗಿವೆ ಎಂದು ಬಂದ ಅತಿಥಿಯೊಬ್ಬರು ಹೊಗಳಿದರು.

ಆಮೇಲೂ ನಾನು ಮೂರು ನಾಲ್ಕು ಸಲ ಇಂಡಿಗೆ ಹೋದೆ. ಯಾವ ಮುಖ ಹೊತ್ತು ಹೋದೆನೋ. ಆಯಿ ಬರಬೇಡಿ ಎನ್ನಲಿಲ್ಲ, ಆ ವಿಷಯ ಎತ್ತಲೂ ಇಲ್ಲ. ಕ್ಷಮಿಸಿ ಎನ್ನಲು ನಾನು ಬಾಯಿ ತೆರೆದಾಗಲೆಲ್ಲ ಕೈಗೆ ಹಸಿ ಬಾರಿನ ತುದಿ ಕೊಟ್ಟು, "ಹಿಡೀರಿ, ಬಿಗಿ ಹಿಡೀರಿ" ಎನ್ನುತ್ತಿದ್ದಳು. ಆಕೆ ಎಳೆದರೆ ನನ್ನ ಕೈಯಿಂದ ಬಾರು ಜಾರುತ್ತಿತ್ತು. "ಪುಸ್ತಕ ಹಿಡಿದ ಕೈ, ಗಂಜ್ಯಾಗ ಅದ್ದಿದಂಗ ಐತಿ" ಎಂದು ಬೈಯುತ್ತಿದ್ದಳು. ಬೈದರೆ ನನಗೆ ಸಮಾಧಾನವಾಗುತ್ತಿತ್ತು. ಹಳೆಯ ವಾದ್ಯ ಒಯ್ದರೆ ಮೊದಲಿನ ಹಾಗೇ ಮೂಸಿ, ಉಗುರಾಡಿಸಿ, ಸತ್ತವರನ್ನು ಬೈದು ಹೇಳುತ್ತಿದ್ದಳು. ಆದರೆ ನಾನು ಬರೆದುಕೊಳ್ಳಲು ಪೆನ್ನು ತೆಗೆದರೆ ಸುಮ್ಮನಾಗುತ್ತಿದ್ದಳು. ಪೆನ್ನು ಒಳಗಿಟ್ಟ ಮೇಲೆಯೇ ಮತ್ತೆ ಮಾತು.

ಎಷ್ಟೋ ಕಾಲ ಒದ್ದಾಡಿ, ಕೊನೆಗೆ ಈ ವರ್ಷ ಎರಡು ಪುಟದ ಕಾಗದ ಬರೆದೆ. ಬಾರು ಎಡಕ್ಕಿತ್ತು, ಕೊಯ್ದವನು ನಾನು, ದಾಖಲೆಯಲ್ಲಿ ಬರೆದದ್ದು ಸುಳ್ಳು, ಸಭೆಯಲ್ಲಿ ಹೇಳಿದ್ದು ಸುಳ್ಳು, ನಗಾರಿ ಕಟ್ಟಿದವಳು ಚಂದವ್ವ. ಸಹಿ ಮಾಡಿದೆ. ನೆಟ್ಟಗೆ ಸಮಿತಿಗೆ ಕೊಡಬೇಕಾಗಿತ್ತು. ಕೊಡಲಿಲ್ಲ. ಮೊದಲು ಇಂಡಿಗೆ ಹೋಗಿ ಆಯಿಯ ಮುಂದೆ ಓದಬೇಕು ಅನ್ನಿಸಿತು. ಅದಕ್ಕೆ ಬೇರೆ ಕಾರಣವಿಲ್ಲ. ಬೈಗುಳದ ಕೊನೆಗೆ ಆಕೆ ಸತ್ತವರಿಗೆ ಹೇಳುವಂಥ ಒಂದು ಒಳ್ಳೆಯ ಮಾತು ನನಗೂ ಬೇಕಾಗಿತ್ತು.

ನಾನು ಹೋದಾಗ ಅಂಗಳ ಗುಡಿಸಿ ಬರಿದಾಗಿತ್ತು. ಬಾರು ನೆನೆಹಾಕುವ ಬಾನಿ ಬೋರಲು ಬಿದ್ದಿತ್ತು. ಆಯಿಯ ಸೊಸೆ ಬಾಗಿಲಿಗೆ ಬಂದಳು. ನಾನು ಹೋದಾಗಲೆಲ್ಲ ಆಕೆ ಕೂಲಿಗೆ ಹೋಗಿರುತ್ತಿದ್ದಳು, ನನ್ನನ್ನು ಕಂಡಿರಲಿಲ್ಲ. ಆಯಿ ಇದ್ದಾರೆಯೇ ಎಂದೆ. "ಹೋಗಿ ತಿಂಗಳ ಮ್ಯಾಲಾತ್ರಿ" ಎಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ನೆನಪಿಲ್ಲ ಅಂದ ಮಾಸ್ತರ ನೀವ ಏನ್ರಿ?"

ಆ ಮನೆಯಲ್ಲಿ ನನಗೆ ಇದ್ದ ಹೆಸರು ಅದು. ಆಯಿ ಬೇರೆ ಹೆಸರಿನಿಂದ ನನ್ನನ್ನು ಕರೆದಿರಲಿಲ್ಲವಂತೆ.

"ಹೌದ್ರವ್ವ, ನಾನ" ಎಂದೆ. ಜೇಬಿನಿಂದ ಕಾಗದ ತೆಗೆದು, ಇದರಲ್ಲಿ ಎಲ್ಲವನ್ನೂ ಬರೆದಿದ್ದೇನೆ, ನಿಮ್ಮ ಮುಂದಾದರೂ ಒಮ್ಮೆ ಓದುತ್ತೇನೆ ಎಂದೆ. ಆಕೆ ಬೇಡವೆಂಬಂತೆ ಕೈ ಆಡಿಸಿದಳು. ದನಿ ಏರಲಿಲ್ಲ.

"ನಮ್ಮ ಮುಂದ ಯಾಕ ಓದ್ತೀರಿ? ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಗೊತ್ತಿಲ್ಲ ಅಂದವ್ರ ಮುಂದ ಓದ್ರಿ."

ಅಲ್ಲಿಂದ ಬಂದ ಮರುದಿನವೇ ಆ ಕಾಗದವನ್ನು ಸಮಿತಿಗೆ ಕೊಟ್ಟೆ. ಇನ್ನೂ ಉತ್ತರ ಬಂದಿಲ್ಲ, ಚೀಟಿ ಬದಲಾಗಿಲ್ಲ. ಅದಕ್ಕೇ ಇದನ್ನು ಇಲ್ಲಿಯೂ ಬರೆಯುತ್ತಿದ್ದೇನೆ, ಗೊತ್ತಿಲ್ಲದವರೆಲ್ಲ ಓದಲಿ. ಸಿಂದಗಿಯ ಆ ಕೋಣೆಯಲ್ಲಿರುವ ನಗಾರಿಯನ್ನು ಕಟ್ಟಿದವಳು ಚಂದವ್ವ. ಅದರ ಬಾರುಗಳನ್ನು ಕೊಯ್ದವನು ನಾನು. ಬಾರು ಎಡಕ್ಕಿತ್ತು. ನನಗೆ ಚೆನ್ನಾಗಿ ನೆನಪಿದೆ, ಆ ದಿನವೂ ಚೆನ್ನಾಗಿಯೇ ನೆನಪಿತ್ತು.